ಒಂದು ಸಾಲಿನ ತಿದ್ದುಪಡಿ: ಮುಕ್ತ ತಂತ್ರಾಂಶಕ್ಕೆ ಕಳಿಸುವುದು ಹೇಗೆ, ಬಿಡುಗಡೆ ಮಾಡುವುದು ಹೇಗೆ

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ರಥೋತ್ಸವದ ಹಳೆಯ ಕರಪತ್ರವೊಂದು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿದೆ ಎಂದುಕೊಳ್ಳಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಈ ಸಲ ಅದೇ ಒಕ್ಕಣೆಯನ್ನು ವಾಟ್ಸ್‌ಆ್ಯಪಿನಲ್ಲಿ ಹಂಚಬೇಕು. ಹಾಗೇ ಕಾಪಿ ಮಾಡಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಹಾಗಾಗಿ ಅದನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕುತ್ತಾರೆ. ಈಗ ಪಠ್ಯ ಸರಿಯಾಗಿ ಬಂದಂತೆ ಕಾಣುತ್ತದೆ. ಆದರೆ ಅದೇ ಪುಟದಲ್ಲಿ ‘ನರಸಿಂಹಸ್ವಾಮಿ’ ಎಂದು ಹುಡುಕಿದರೆ ಅಂಥ ಪದವೇ ಇಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ.

ಅಲ್ಲಿ ಬಂದಿರುವುದು ‘ಸ್ವಾಮಿ’ ಅಲ್ಲ, ‘ಸ್ವಾವಿು’. ‘ಮಿ’ ಇರಬೇಕಾದ ಜಾಗದಲ್ಲಿ ವ, ಗುಡಿಸು, ಕೊಂಬು ಮೂರೂ ಸಾಲಾಗಿ ಕೂತಿವೆ. ಕೆಲವು ಫಾಂಟುಗಳಲ್ಲಿ ಈ ಮೂರರ ಜೋಡಣೆ ‘ಮಿ’ಯಂತೆಯೇ ಕಾಣುವುದರಿಂದ ಓದುವವರಿಗೆ ಅನುಮಾನವೇ ಬರುವುದಿಲ್ಲ. ಅಂತರ್ಜಾಲದ ಕನ್ನಡ ಪುಟಗಳಲ್ಲಿ ‘ಸವಿುತಿ’, ‘ಭೂವಿು’ಗಳು ಹೀಗೆಯೇ ಉಳಿದುಕೊಂಡಿವೆ. ಹುಡುಕುವವರಿಗೆ ಅವು ಸಿಗುವುದಿಲ್ಲ.

ಇಂಥ ತಪ್ಪು ಮೊದಲು ಗೊತ್ತಾಗುವುದು ದಿನವಿಡೀ ಕನ್ನಡ ಟೈಪ್ ಮಾಡುವವರಿಗೆ. ನಂಜನಗೂಡಿನಲ್ಲಿ ಲಗ್ನಪತ್ರಿಕೆ ಕೂರಿಸುವವರು, ತಿ. ನರಸೀಪುರದಲ್ಲಿ ಅರ್ಜಿ ಬರೆದುಕೊಡುವವರು, ಕಾಲೇಜಿನ ಪ್ರಾಜೆಕ್ಟ್ ವರದಿ ಸಿದ್ಧಪಡಿಸುವ ವಿದ್ಯಾರ್ಥಿಗಳು ಇದನ್ನು ಕಾಣುತ್ತಾರೆ, ಕೈಯಲ್ಲೇ ತಿದ್ದಿ ಮುಂದೆ ಹೋಗುತ್ತಾರೆ. ನಾಳೆ ಅದೇ ತಪ್ಪನ್ನು ಮತ್ತೊಂದು ಅಂಗಡಿಯವರು ತಿದ್ದುತ್ತಾರೆ. ಪರಿವರ್ತಕ ಮುಕ್ತ ತಂತ್ರಾಂಶವಾಗಿದ್ದರೆ ಅದರ ಮೂಲ ಸಂಕೇತವನ್ನೇ ತಿದ್ದಿ, ಎಲ್ಲರಿಗೂ ಒಟ್ಟಿಗೆ ಸರಿಮಾಡಬಹುದು. ಬಹಳ ಮಂದಿ ಹಿಂಜರಿಯುವುದು ಇಲ್ಲಿಯೇ. ತಿದ್ದುಪಡಿಯನ್ನು ಯಾರಿಗೆ, ಹೇಗೆ ಕಳಿಸಬೇಕು, ಅದು ಜನರ ಕೈಗೆ ಹೇಗೆ ತಲುಪುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಹಿನ್ನೆಲೆ, ಚಿಕ್ಕದಾಗಿ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೂ ಕನ್ನಡದ ಅಚ್ಚುಕೆಲಸ ಬೆಳೆದದ್ದು 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದವುಗಳ ಆಸ್ಕಿ ಫಾಂಟುಗಳ ಮೇಲೆ. ಅಂಗಡಿಗಳ ಮೆಚ್ಚಿನ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಅದರ ಕೊನೆಯ ದೊಡ್ಡ ಆವೃತ್ತಿ 7 ಬಂದದ್ದು 2001ರಲ್ಲಿ. ಹಾಗಾಗಿ ಇಂದಿಗೂ ಹಳೆಯ ಫೈಲುಗಳ ರಾಶಿ ಆಸ್ಕಿಯಲ್ಲೇ ಇದೆ.

ಈ ರಾಶಿಯನ್ನು ಯೂನಿಕೋಡ್‌ಗೆ ತರಲು ಮುಕ್ತ ಪರಿವರ್ತಕ ಬರೆದವರಲ್ಲಿ ಅರವಿಂದ ವಿ.ಕೆ. ಒಬ್ಬರು. ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳೂ ಅವರವೇ. ಈ ಎರಡೂ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಂಗ್ರಹ ಸೇರಿ, ಜಗತ್ತಿನ ಯಾವ ಮೂಲೆಯಿಂದಲೂ ಒಂದೇ ಆದೇಶದಲ್ಲಿ ಇಳಿಸಿಕೊಳ್ಳುವಂತಾಗಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಮುಕ್ತ ಪರವಾನಗಿಯಡಿ ಹೊರಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿರುವ ಅದರ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಕನ್ನಡದ ಇಂಥ ಕೆಲಸಗಳ ಹಿಂದೆ ಇರುವವರು ಬಹುಪಾಲು ಒಬ್ಬಿಬ್ಬರು. ಸಂಬಳದ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಇದನ್ನು ನೋಡಿಕೊಳ್ಳುವವರು. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ತಿದ್ದುಪಡಿ ಒಪ್ಪಿಗೆಯಾಗುವುದು ಏಕೆ?

ಯೋಜನೆಯನ್ನು ನೋಡಿಕೊಳ್ಳುವವರನ್ನು ಮೇಂಟೇನರ್ ಎನ್ನುತ್ತಾರೆ. ಹೊಸಬರ ತಿದ್ದುಪಡಿ ಬಂದಾಗ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಮೂರು. ಇದು ನಿಜಕ್ಕೂ ತಪ್ಪೇ? ಇದನ್ನು ಸರಿಮಾಡಲು ಹೋಗಿ ಬೇರೆ ಏನಾದರೂ ಕೆಡುತ್ತದೆಯೇ? ಕೆಟ್ಟರೆ ನೋಡಿಕೊಳ್ಳುವವರು ಯಾರು? ಈ ಮೂರಕ್ಕೂ ಉತ್ತರ ಕೂಡಿಸಿ ಕಳಿಸಿದ ತಿದ್ದುಪಡಿಯನ್ನು ನೋಡಲು ಹತ್ತು ನಿಮಿಷ ಸಾಕು. ಉತ್ತರವಿಲ್ಲದ್ದಕ್ಕೆ ಒಂದು ಭಾನುವಾರವೇ ಬೇಕಾಗುತ್ತದೆ, ಆ ಭಾನುವಾರ ಬರದೇ ಹೋಗಬಹುದು.

‘ವಿು’ವನ್ನೇ ತೆಗೆದುಕೊಳ್ಳಿ. ಆಸ್ಕಿ ಫಾಂಟಿನಲ್ಲಿ ಅಕ್ಷರಗಳಿಲ್ಲ, ಅಕ್ಷರದ ತುಣುಕುಗಳಿವೆ. ‘ವ’ ಬರೆದು ಅದರ ಪಕ್ಕ ಕೊಂಬಿನ ತುಣುಕು ಇಟ್ಟರೆ ‘ಮ’ ಆಗುತ್ತದೆ. ‘ವಿ’ಯ ಪಕ್ಕ ಅದೇ ತುಣುಕು ಇಟ್ಟರೆ ‘ಮಿ’. ಪರಿವರ್ತಕ ಒಂದೊಂದೇ ತುಣುಕು ಓದಿ ಬದಲಿಸುತ್ತ ಹೋದರೆ ‘ವಿ’ ಮೊದಲು ಹೊರಬೀಳುತ್ತದೆ, ಬಳಿಕ ಕೊಂಬು ಅನಾಥವಾಗಿ ಬಂದು ಅಂಟಿಕೊಳ್ಳುತ್ತದೆ. ಉದ್ದದ ಜೋಡಣೆಯನ್ನು ಮೊದಲು ಗುರುತಿಸಿ, ಅದು ಇಲ್ಲದಿದ್ದರೆ ಮಾತ್ರ ಚಿಕ್ಕ ತುಣುಕಿಗೆ ಹೋಗಬೇಕು ಎಂಬುದೇ ಪರಿಹಾರ.

ಆದರೆ ಹೊಸಬರಿಗೆ ಥಟ್ಟನೆ ಹೊಳೆಯುವುದು ಬೇರೆ ಉಪಾಯ. ಕೊನೆಯಲ್ಲಿ ಬಂದ ಪಠ್ಯದಲ್ಲಿ ‘ವಿು’ ಇದ್ದ ಕಡೆಯೆಲ್ಲ ‘ಮಿ’ ಹಾಕಿಬಿಡುವುದು. ಇದು ನಡೆಯುತ್ತದೆ. ಕನ್ನಡದಲ್ಲಿ ಒಂದೇ ವ್ಯಂಜನಕ್ಕೆ ಗುಡಿಸು, ಕೊಂಬು ಎರಡೂ ಹತ್ತುವುದಿಲ್ಲವಾದ್ದರಿಂದ ‘ವಿು’ ಎಂಬುದು ಯಾವ ಪದದಲ್ಲೂ ನ್ಯಾಯವಾಗಿ ಬರಲಾರದು. ‘ವೆು’ವನ್ನು ‘ಮೆ’ ಮಾಡುವುದೂ ಹೀಗೆಯೇ ನಿರಪಾಯ. ಅದೇ ಉತ್ಸಾಹದಲ್ಲಿ ‘ವು’ ಇದ್ದ ಕಡೆಯೆಲ್ಲ ‘ಮ’ ಹಾಕಿದರೆ ಮಾತ್ರ ಕೆಟ್ಟಿತು. ‘ನಾವು’ ಹೋಗಿ ‘ನಾಮ’, ‘ಹೂವು’ ಹೋಗಿ ‘ಹೂಮ’ ಆಗುತ್ತದೆ. ಎಲ್ಲಿಯವರೆಗೆ ಬದಲಿಸಿದರೆ ಸುರಕ್ಷಿತ, ಎಲ್ಲಿಂದ ಆಚೆ ಅಲ್ಲ ಎಂದು ಹೀಗೆ ವಿವರಿಸಬಲ್ಲವರ ತಿದ್ದುಪಡಿಯನ್ನು ಮೇಂಟೇನರ್ ನಂಬುತ್ತಾರೆ. ಈ ವಿವರಣೆ ಕೊಡಲು ದೊಡ್ಡ ಪ್ರೋಗ್ರಾಮರ್ ಆಗಬೇಕಿಲ್ಲ, ಕನ್ನಡದ ಕಾಗುಣಿತ ಚೆನ್ನಾಗಿ ಗೊತ್ತಿದ್ದರೆ ಸಾಕು.

ಕಳಿಸುವ ಕ್ರಮ

1. ಮೊದಲು ಓದಿ, ಹುಡುಕಿ. ಯೋಜನೆಯ ಪರಿಚಯದ ಫೈಲು, ಅಂದರೆ ರೀಡ್‌ಮಿ, ಹಾಗೂ ಕೊಡುಗೆದಾರರಿಗೆ ಬರೆದ ಸೂಚನೆಗಳಿದ್ದರೆ ಅವನ್ನು ಓದಿ. ಬಳಿಕ ದೂರುಗಳ ಪಟ್ಟಿಯಲ್ಲಿ, ಅಂದರೆ ಇಶ್ಯೂಗಳಲ್ಲಿ, ಇದೇ ತಪ್ಪನ್ನು ಯಾರಾದರೂ ಹೇಳಿದ್ದಾರೆಯೇ ನೋಡಿ. ಮುಚ್ಚಿದ ಇಶ್ಯೂಗಳನ್ನೂ ನೋಡಬೇಕು. ಹಿಂದೆ ಚರ್ಚಿಸಿ ಬೇಡವೆಂದು ಬಿಟ್ಟದ್ದಾಗಿದ್ದರೆ ಅದರ ಕಾರಣ ಅಲ್ಲೇ ಸಿಗುತ್ತದೆ. ಹೊಸ ಆವೃತ್ತಿಯಲ್ಲಿ ಆಗಲೇ ಸರಿಯಾಗಿದ್ದರೂ ಇರಬಹುದು.

2. ತಪ್ಪನ್ನು ಚಿಕ್ಕದು ಮಾಡಿ. ಇಡೀ ಕರಪತ್ರ ಕಳಿಸಬೇಡಿ. ಅರ್ಧರ್ಧ ಕತ್ತರಿಸುತ್ತ ಹೋಗಿ, ತಪ್ಪು ಇನ್ನೂ ಉಳಿಯುವ ಅತಿ ಚಿಕ್ಕ ತುಣುಕನ್ನು ಹಿಡಿಯಿರಿ. ‘ಸ್ವಾಮಿ’ ಎಂಬ ಒಂದೇ ಪದದಲ್ಲಿ ತಪ್ಪು ಕಾಣುತ್ತಿದ್ದರೆ ಆ ಒಂದೇ ಪದ ಸಾಕು.

3. ಇಶ್ಯೂ ಬರೆಯಿರಿ. ಕೊಟ್ಟ ಪಠ್ಯ ಯಾವುದು, ಬಂದದ್ದೇನು, ಬರಬೇಕಾದದ್ದೇನು ಎಂಬ ಮೂರು ಸಾಲು ಬೇಕೇಬೇಕು. ಜೊತೆಗೆ ತಂತ್ರಾಂಶದ ಆವೃತ್ತಿ, ವಿಂಡೋಸ್ ಅಥವಾ ಲಿನಕ್ಸ್ ಯಾವುದು, ಪಠ್ಯ ಟೈಪ್ ಮಾಡಿದ್ದು ನುಡಿಯಲ್ಲೋ ಬರಹದಲ್ಲೋ ಎಂಬುದನ್ನೂ ಸೇರಿಸಿ. ಸ್ಕ್ರೀನ್‌ಶಾಟ್ ಒಂದನ್ನೇ ಹಾಕಿದರೆ ಪ್ರಯೋಜನವಿಲ್ಲ. ‘ಮಿ’ಗೂ ‘ವಿು’ಗೂ ಚಿತ್ರದಲ್ಲಿ ವ್ಯತ್ಯಾಸ ಕಾಣದಿರುವುದೇ ಇಲ್ಲಿನ ತೊಂದರೆ. ಪಠ್ಯವನ್ನು ಪಠ್ಯವಾಗಿಯೇ ಅಂಟಿಸಿ. ಬದಲಾವಣೆ ದೊಡ್ಡದಾಗುವಂತಿದ್ದರೆ ಕೆಲಸಕ್ಕೆ ಕೈಹಾಕುವ ಮೊದಲೇ “ಹೀಗೆ ಮಾಡಬಹುದೇ?” ಎಂದು ಕೇಳಿ.

4. ನಿಮ್ಮದೇ ಪ್ರತಿ ಮಾಡಿಕೊಳ್ಳಿ. ಯೋಜನೆಗಳ ಸಂಕೇತವನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಫೋರ್ಕ್ ಒತ್ತಿದರೆ ಯೋಜನೆಯ ಪ್ರತಿ ನಿಮ್ಮ ಖಾತೆಗೆ ಬರುತ್ತದೆ. ಅದನ್ನು ಕ್ಲೋನ್ ಮಾಡಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇದರ ಹಿಂದಿರುವ ಗಿಟ್ ಎಂಬ ಸಾಧನವನ್ನು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದದ್ದೇ ಇದಕ್ಕಾಗಿ. ದೂರದೂರ ಕೂತ ಜನ ಒಬ್ಬರ ಕೆಲಸವನ್ನೊಬ್ಬರು ಕೆಡಿಸದೆ ಒಂದೇ ಸಂಕೇತವನ್ನು ತಿದ್ದಬೇಕಿತ್ತು. ತಿದ್ದುವ ಮೊದಲು ಹೊಸ ಬ್ರಾಂಚ್, ಅಂದರೆ ಕವಲು, ತೆರೆಯಿರಿ, ಮುಖ್ಯ ಬ್ರಾಂಚನ್ನು ಮುಟ್ಟಬೇಡಿ. ತಿದ್ದಿದ್ದನ್ನು ಪುಶ್ ಮಾಡುವಾಗ, ಅಂದರೆ ನಿಮ್ಮ ಖಾತೆಗೆ ಏರಿಸುವಾಗ, ಗಿಟ್‌ಹಬ್ ಪಾಸ್‌ವರ್ಡ್ ಒಪ್ಪದಿದ್ದರೆ ಗಾಬರಿ ಬೇಡ. 2021ರ ಆಗಸ್ಟ್ 13ರಿಂದ ಗಿಟ್ ಕೆಲಸಗಳಿಗೆ ಅಲ್ಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಮಾಡಿಕೊಳ್ಳಬೇಕು. ಹಳೆಯ ವಿಡಿಯೊ ನೋಡಿ ಕಲಿಯುವವರು ಬಹಳ ಮಂದಿ ಸಿಕ್ಕಿಬೀಳುವುದು ಇಲ್ಲಿಯೇ.

5. ಮೊದಲು ಪರೀಕ್ಷೆ, ಆಮೇಲೆ ಪರಿಹಾರ. ‘ಸ್ವಾಮಿ’ಯ ಆಸ್ಕಿ ರೂಪ ಕೊಟ್ಟರೆ ‘ಸ್ವಾಮಿ’ಯೇ ಬರಬೇಕು ಎಂಬ ಪರೀಕ್ಷೆಯನ್ನು ಯೋಜನೆಯ ಟೆಸ್ಟ್ ಫೈಲಿನಲ್ಲಿ ಸೇರಿಸಿ ಓಡಿಸಿ. ಅದು ಈಗ ಸೋಲಬೇಕು. ಸೋತರೆ ತಪ್ಪು ನಿಜವೆಂದು ಸಾಬೀತಾಯಿತು. ಬಳಿಕ ಸಂಕೇತ ತಿದ್ದಿ ಮತ್ತೆ ಓಡಿಸಿದಾಗ ಗೆಲ್ಲಬೇಕು, ಹಳೆಯ ಪರೀಕ್ಷೆಗಳೂ ಗೆಲ್ಲಬೇಕು. ಈ ಪರೀಕ್ಷೆ ಯೋಜನೆಯಲ್ಲೇ ಉಳಿಯುವುದರಿಂದ ಮುಂದೆ ಯಾರೋ ಬೇರೇನೋ ತಿದ್ದುವಾಗ ಅದೇ ತಪ್ಪು ಮತ್ತೆ ನುಸುಳಿದರೆ ತಕ್ಷಣ ಗೊತ್ತಾಗುತ್ತದೆ.

6. ಒಂದು ಕಮಿಟ್, ಒಂದು ಸಂಗತಿ. ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವುದೇ ಕಮಿಟ್. ಕಮಿಟ್ ಸಂದೇಶದ ಮೊದಲ ಸಾಲಿನಲ್ಲಿ ಏನು ಬದಲಾಯಿತೆಂದು, ಕೆಳಗೆ ಏಕೆ ಬದಲಿಸಿದಿರೆಂದು ಬರೆಯಿರಿ. ಏನು ಬದಲಾಯಿತೆಂದು ಸಂಕೇತ ನೋಡಿದರೂ ತಿಳಿಯುತ್ತದೆ. ಏಕೆಂಬುದು ಐದು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಯೋಜನೆಯ ವ್ಯವಹಾರ ಇಂಗ್ಲಿಷಿನಲ್ಲಿದ್ದರೆ ಸರಳ ಇಂಗ್ಲಿಷ್ ಸಾಕು, ವ್ಯಾಕರಣ ತಪ್ಪಿತೆಂದು ಯಾರೂ ತಿರಸ್ಕರಿಸುವುದಿಲ್ಲ.

7. ಪುಲ್ ರಿಕ್ವೆಸ್ಟ್ ಕಳಿಸಿ, ಕಾಯಿರಿ. ನಿಮ್ಮ ಬ್ರಾಂಚಿನ ಬದಲಾವಣೆಯನ್ನು ಮುಖ್ಯ ಯೋಜನೆಗೆ ಸೇರಿಸಿಕೊಳ್ಳಿ ಎಂಬ ಕೋರಿಕೆಯೇ ಪುಲ್ ರಿಕ್ವೆಸ್ಟ್. ಅದರಲ್ಲಿ ಇಶ್ಯೂ ಸಂಖ್ಯೆ ನಮೂದಿಸಿ. ಎರಡು ವಾರವಾದರೂ ಉತ್ತರ ಬರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ.

8. ವಿಮರ್ಶೆಗೆ ಉತ್ತರ ಕೊಡಿ. “ಈ ಸಾಲು ಬೇಡ”, “ಇನ್ನೊಂದು ಪರೀಕ್ಷೆ ಸೇರಿಸಿ” ಎಂದು ಹೇಳುವುದು ನಿಮ್ಮ ಕೆಲಸವನ್ನು ಒಪ್ಪುವ ದಾರಿಯಲ್ಲಿದ್ದಾರೆ ಎಂಬುದರ ಗುರುತು. ಅದೇ ಬ್ರಾಂಚಿನಲ್ಲಿ ತಿದ್ದಿ ಮತ್ತೆ ಪುಶ್ ಮಾಡಿದರೆ ಅದೇ ಕೋರಿಕೆಗೆ ತಾನಾಗಿ ಸೇರುತ್ತದೆ. ಹೊಸ ಕೋರಿಕೆ ತೆರೆಯಬೇಕಿಲ್ಲ.

ಊರ ದೇವರ ಹೆಸರುಗಳೇ ಪರೀಕ್ಷೆ

ಪರೀಕ್ಷೆಗೆ ಯಾವ ಪದಗಳನ್ನು ಆರಿಸುತ್ತೀರಿ ಎಂಬುದರ ಮೇಲೆ ತಿದ್ದುಪಡಿಯ ಗಟ್ಟಿತನ ನಿಂತಿದೆ. ‘ಅಮ್ಮ’, ‘ಮನೆ’ ಹಾಕಿ ನೋಡಿದರೆ ಹೆಚ್ಚೇನೂ ತಿಳಿಯದು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ದೇವಸ್ಥಾನಗಳ ಹೆಸರುಗಳನ್ನು ಹಾಕಿ ನೋಡಿ, ಕನ್ನಡ ಲಿಪಿಯ ಕಠಿಣ ಜಾಗಗಳೆಲ್ಲ ಅಲ್ಲೇ ಸಿಗುತ್ತವೆ.

ತಲಕಾಡಿನ ಪಂಚಲಿಂಗಗಳಲ್ಲಿ ಎರಡು, ಅರ್ಕೇಶ್ವರ ಮತ್ತು ಮಲ್ಲಿಕಾರ್ಜುನ. ಎರಡರಲ್ಲೂ ಅರ್ಕಾವತ್ತು ಇದೆ. ಅಲ್ಲಿಯದೇ ಕೀರ್ತಿನಾರಾಯಣನ ಹೆಸರಿನಲ್ಲೂ ಇದೆ. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ, ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ. ‘ತಿ’ ಬರೆದ ಮೇಲೆ ಅರ್ಕಾವತ್ತಿನ ಗುರುತು. ಯೂನಿಕೋಡ್ ಮಾತ್ರ ಉಚ್ಚಾರಣೆಯ ಕ್ರಮ ಹಿಡಿಯುತ್ತದೆ, ಮೊದಲು ‘ರ್’, ಆಮೇಲೆ ‘ತಿ’. ಹೀಗಾಗಿ ಪರಿವರ್ತಕ ಆ ಗುರುತನ್ನು ಎತ್ತಿ, ಇಡೀ ಅಕ್ಷರವನ್ನು ದಾಟಿಸಿ ಮುಂದೆ ಇಡಬೇಕು. ಒಂದು ತುಣುಕು ಹೆಚ್ಚು ಅಥವಾ ಕಡಿಮೆ ದಾಟಿಸಿದರೂ ಕೀರ್ತಿ ಕೆಟ್ಟಂತೆಯೇ.

ತಿ. ನರಸೀಪುರದ ಅಗಸ್ತ್ಯೇಶ್ವರ ಇನ್ನೂ ಗಟ್ಟಿ. ಸಕಾರದ ಕೆಳಗೆ ತಕಾರ, ಯಕಾರ ಎರಡು ಒತ್ತುಗಳು, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ನಂಜನಗೂಡಿನ ಶ್ರೀಕಂಠೇಶ್ವರನಲ್ಲಿ ‘ಶ್ರೀ’ ಇದೆ, ಸೊನ್ನೆ ಇದೆ, ಮಹಾಪ್ರಾಣ ಇದೆ.

ದೀರ್ಘದ ಗುರುತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಕೇ’ ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು, ಒಂದೇ ‘ೇ’ ಗುರುತಾಗಿ ಅಥವಾ ‘ೆ’ ಮತ್ತು ‘ೕ’ ಎಂಬ ಎರಡು ಗುರುತುಗಳಾಗಿ. ತೆರೆಯ ಮೇಲೆ ಎರಡೂ ಒಂದೇ. ಸಾದಾ ಹೋಲಿಕೆಯಲ್ಲಿ ಮಾತ್ರ ಬೇರೆಬೇರೆ. ಪರಿವರ್ತಕದ ಕೊನೆಯ ಹಂತದಲ್ಲಿ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಮಾಡಿಸಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ, ಅರ್ಕೇಶ್ವರ ಹುಡುಕಿದ ತಕ್ಷಣ ಸಿಗುತ್ತಾನೆ. ‘ರ‍್ಯಾಂಕ್’ ಪದವನ್ನೂ ಪಟ್ಟಿಗೆ ಸೇರಿಸಿ. ಅಲ್ಲಿ ‘ರ’ ಮತ್ತು ವಿರಾಮದ ಗುರುತಿನ ನಡುವೆ ಝಡ್‌ಡಬ್ಲ್ಯುಜೆ ಎಂಬ ಕಾಣದ ಗುರುತು ಇಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಬರುತ್ತದೆ.

ಫಾಂಟಿನ ಕೆಲಸ ಮಾಡುವವರಿಗೆ ಇನ್ನೂ ಹಳೆಯ ಸಾಮಗ್ರಿ ಇಲ್ಲೇ ಇದೆ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟದಲ್ಲಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಹಳಗನ್ನಡದ ಱ, ೞ ಅಕ್ಷರಗಳು, ಅವುಗಳ ಕಾಗುಣಿತ, ಒತ್ತು ನಿಮ್ಮ ಫಾಂಟಿನಲ್ಲಿ ಸರಿಯಾಗಿ ಮೂಡುತ್ತವೆಯೇ ಎಂದು ನೋಡಲು ಶಾಸನದ ಪಠ್ಯಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು.

ಸಂಕೇತ ಬರೆಯಲು ಬಾರದವರೂ ಇಂಥ ಪದಪಟ್ಟಿ ಕಟ್ಟಿಕೊಡಬಹುದು. ಯಾವ ಪದ ಹೇಗೆ ಬರಬೇಕೆಂದು ಬಲ್ಲವರು ಕೊಟ್ಟ ಇನ್ನೂರು ಪದಗಳ ಪಟ್ಟಿ ಎಷ್ಟೋ ಸಾಲು ಸಂಕೇತಕ್ಕಿಂತ ಬೆಲೆಯುಳ್ಳದ್ದು. ವಿಕಿಪೀಡಿಯದ ಹಿಂದಿರುವ ತಂತ್ರಾಂಶದ ಕನ್ನಡ ಅನುವಾದಕ್ಕೆ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣವಿದೆ. ಅಲ್ಲಿ ಗಿಟ್ ಕಲಿಯದೆಯೂ ಕೆಲಸ ಶುರುಮಾಡಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗಿರಾಕಿಯ ಫೈಲನ್ನು ಹಾಗೇ ಏರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಲಗ್ನಪತ್ರಿಕೆಯಲ್ಲಿ ಮನೆ ವಿಳಾಸ, ಮೊಬೈಲ್ ಸಂಖ್ಯೆ ಇರುತ್ತವೆ. ಅರ್ಜಿಯಲ್ಲಿ ಆಧಾರ್ ಸಂಖ್ಯೆಯೇ ಇರಬಹುದು. ಗಿಟ್‌ನಲ್ಲಿ ಒಮ್ಮೆ ಕಮಿಟ್ ಆದದ್ದನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ, ಬೇರೆಯವರ ಫೋರ್ಕ್‌ಗಳಿಗೂ ಹೋಗಿರಬಹುದು. ಪರೀಕ್ಷೆಗೆ ಬೇಕಾದ ಪದಗಳನ್ನು ನೀವೇ ಹೊಸದಾಗಿ ಟೈಪ್ ಮಾಡಿ.

ಒಂದು ಸಾಲು ತಿದ್ದಲು ಹೋಗಿ ಇಡೀ ಫೈಲಿನ ಅಂತರ, ಸಾಲುಕೊನೆಗಳನ್ನು ಎಡಿಟರ್ ಬದಲಿಸಿಬಿಡುವುದು ಇನ್ನೊಂದು. ವಿಂಡೋಸ್‌ನಲ್ಲಿ ಇದು ಸುಲಭವಾಗಿ ಆಗುತ್ತದೆ. ಆಗ ನೋಡುವವರಿಗೆ ಸಾವಿರ ಸಾಲು ಬದಲಾದಂತೆ ಕಾಣುತ್ತದೆ, ನಿಜವಾದ ತಿದ್ದುಪಡಿ ಅದರಲ್ಲಿ ಮುಳುಗಿಹೋಗುತ್ತದೆ. ಕಮಿಟ್ ಮಾಡುವ ಮುನ್ನ ಗಿಟ್ ಡಿಫ್ ಆದೇಶ ಓಡಿಸಿ, ನೀವು ಮುಟ್ಟಿದ ಸಾಲುಗಳು ಮಾತ್ರ ಇವೆಯೇ ನೋಡಿ.

ಎಣಿಕೆಗಾಗಿ ಕಳಿಸುವ ಕೋರಿಕೆಗಳ ಮಾತು ಹೇಳಲೇಬೇಕು. 2020ರ ಅಕ್ಟೋಬರಿನ ಮುಕ್ತ ತಂತ್ರಾಂಶ ಅಭಿಯಾನವಾದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟಿ-ಶರ್ಟ್ ಎಂದಿದ್ದರಿಂದ ರೀಡ್‌ಮಿ ಫೈಲಿಗೆ ಒಂದೊಂದು ಪದ ಸೇರಿಸಿದ ಕೋರಿಕೆಗಳ ಪ್ರವಾಹವೇ ಹರಿಯಿತು. ಅದರಲ್ಲಿ ಭಾರತದ ವಿದ್ಯಾರ್ಥಿಗಳ ಪಾಲೂ ಇತ್ತು. ಮೇಂಟೇನರ್‌ಗಳು ರೋಸಿಹೋದರು. ಆ ಅಕ್ಟೋಬರ್ ಶುರುವಾದ ಕೆಲವೇ ದಿನಗಳಲ್ಲಿ, ಒಪ್ಪಿ ಸೇರಿದ ಯೋಜನೆಗಳಿಗೆ ಮಾತ್ರ ಎಂದು ಆಯೋಜಕರು ನಿಯಮ ಬದಲಿಸಬೇಕಾಯಿತು. ರೆಸ್ಯೂಮೆಗಾಗಿಯೇ ಕೆಲಸ ಮಾಡುವುದಾದರೂ, ಸಂದರ್ಶನದಲ್ಲಿ ಹತ್ತು ನಿಮಿಷ ವಿವರಿಸಬಲ್ಲ ಒಂದೇ ತಿದ್ದುಪಡಿ ಅಂಥ ಐವತ್ತಕ್ಕಿಂತ ಹೆಚ್ಚು ತೂಗುತ್ತದೆ.

ಎಐ ಸಾಧನ ಬರೆದುಕೊಟ್ಟ ಸಂಕೇತವನ್ನು ಅರ್ಥಮಾಡಿಕೊಳ್ಳದೆ ಕಳಿಸುವುದೂ ಇದೇ ಸಾಲಿಗೆ ಸೇರುತ್ತದೆ. ಮೇಂಟೇನರ್ “ಇದೇಕೆ ಹೀಗೆ?” ಎಂದು ಕೇಳಿದಾಗ ಉತ್ತರ ನಿಮ್ಮಲ್ಲೇ ಇರಬೇಕು.

ನಿಮ್ಮದೇ ಯೋಜನೆಯನ್ನು ಬಿಡುಗಡೆ ಮಾಡುವುದು

ಕೆಲವೊಮ್ಮೆ ತಿದ್ದುಪಡಿ ಸಾಲದು, ಹೊಸದೇ ಬೇಕಾಗುತ್ತದೆ. ಹಳೆಯ ಯೋಜನೆ ನಿಂತುಹೋಗಿರಬಹುದು, ಅಥವಾ ಅಂಗಡಿಯ ಕೆಲಸಕ್ಕೆಂದು ಬರೆದ ಚಿಕ್ಕ ಪ್ರೋಗ್ರಾಂ ಎಲ್ಲರಿಗೂ ಉಪಯೋಗ ಎನಿಸಿರಬಹುದು. ಸಂಕೇತವನ್ನು ಗಿಟ್‌ಹಬ್‌ಗೆ ಏರಿಸಿದ ಮಾತ್ರಕ್ಕೆ ಬಿಡುಗಡೆಯಾಗಲಿಲ್ಲ. ಬಿಡುಗಡೆ ಎಂದರೆ ಬಳಸುವವರಿಗೆ ಕೊಡುವ ಮಾತು. ಈ ಸಂಖ್ಯೆಯ ಆವೃತ್ತಿ ಇಂದು ಇಳಿಸಿದರೂ ಮುಂದಿನ ವರ್ಷ ಇಳಿಸಿದರೂ ಒಂದೇ ಆಗಿರುತ್ತದೆ ಎಂಬ ಮಾತು.

ಮೊದಲು ಪರವಾನಗಿ. ಲೈಸೆನ್ಸ್ ಫೈಲಿಲ್ಲದ ಸಂಕೇತ ಎಲ್ಲರಿಗೂ ಕಂಡರೂ ಮುಕ್ತವಲ್ಲ. ಕಾನೂನಿನ ಪ್ರಕಾರ ಹಕ್ಕೆಲ್ಲ ಬರೆದವರದೇ ಆಗಿ ಉಳಿಯುತ್ತದೆ, ಬೇರೆಯವರು ಮುಟ್ಟುವಂತಿಲ್ಲ. ಯಾರು ಏನು ಬೇಕಾದರೂ ಮಾಡಿಕೊಳ್ಳಲಿ, ಹೆಸರು ಉಳಿದರೆ ಸಾಕು ಎನ್ನುವವರು ಎಂಐಟಿ ಪರವಾನಗಿ ಆರಿಸುತ್ತಾರೆ. ತಿದ್ದಿ ಹಂಚುವವರೂ ತಮ್ಮ ತಿದ್ದುಪಡಿಯನ್ನು ಮುಕ್ತವಾಗಿಯೇ ಇಡಬೇಕು ಎನ್ನುವವರಿಗೆ ಜಿಪಿಎಲ್. ಕನ್ನಡದಂಥ ಭಾಷೆಯಲ್ಲಿ, ಒಬ್ಬರ ತಿದ್ದುಪಡಿ ಮತ್ತೊಬ್ಬರಿಗೆ ತಲುಪುವುದೇ ಕಷ್ಟವಾಗಿರುವಾಗ, ಜಿಪಿಎಲ್ ಕಡೆಗೆ ವಾಲುವುದು ಒಳ್ಳೆಯದು. ಫಾಂಟುಗಳಿಗೆ ಹೆಚ್ಚು ಬಳಕೆಯಲ್ಲಿರುವುದು ಓಎಫ್‌ಎಲ್. ಅದರಲ್ಲಿ ಮೂಲದವರು ಫಾಂಟಿನ ಹೆಸರನ್ನು ಕಾದಿರಿಸಿದ್ದರೆ ನಿಮ್ಮ ತಿದ್ದಿದ ಫಾಂಟಿಗೆ ಬೇರೆ ಹೆಸರಿಡಬೇಕು.

ನಿಮ್ಮದಲ್ಲದ್ದನ್ನು ಒಳಗೆ ಸೇರಿಸಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿರುವ ಫಾಂಟುಗಳನ್ನು ಪ್ಯಾಕೇಜಿಗೆ ತುಂಬಿ ಹಂಚುವಂತಿಲ್ಲ. ಕಾಗುಣಿತ ಪರೀಕ್ಷಕಕ್ಕೆ ಪದಪಟ್ಟಿ ಬೇಕಾದಾಗ ಸಿಕ್ಕ ನಿಘಂಟನ್ನು ಟೈಪ್ ಮಾಡಿಸುವುದೂ ಸಲ್ಲದು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಕಿಟ್ಟೆಲ್ ನಿಘಂಟು 1894ರದ್ದು, ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ, ಆದ್ದರಿಂದ ಅದಕ್ಕೆ ತೊಂದರೆಯಿಲ್ಲ. ಅಲರ್ ದತ್ತಾಂಶವನ್ನು ಬಳಸುವುದಾದರೆ ಅದರ ಓಡಿಬಿಎಲ್ ಪರವಾನಗಿಯ ಷರತ್ತುಗಳನ್ನು ಓದಿ ಪಾಲಿಸಿ.

ಎರಡನೆಯದು ಆವೃತ್ತಿಯ ಸಂಖ್ಯೆ. 1.4.2 ಎಂಬ ಮೂರು ಅಂಕಿಗಳಿಗೂ ಅರ್ಥವಿದೆ. ‘ವಿು’ ತಪ್ಪು ಸರಿಮಾಡಿದರೆ ಕೊನೆಯ ಅಂಕಿ ಏರಿಸಿ 1.4.3 ಮಾಡಿ. ಬರಹದ ಫೈಲುಗಳನ್ನೂ ಓದುವಂತೆ ಹೊಸ ಸೌಲಭ್ಯ ಸೇರಿಸಿದರೆ 1.5.0. ಹಳೆಯ ರೀತಿಯಲ್ಲಿ ಬಳಸುತ್ತಿದ್ದವರ ಕೆಲಸ ನಿಲ್ಲುವಂಥ ಬದಲಾವಣೆಯಾದರೆ 2.0.0. ಅಂಕಿ ನೋಡಿಯೇ ಬಳಕೆದಾರರಿಗೆ ಧೈರ್ಯವಾಗಿ ಏರಿಸಿಕೊಳ್ಳಬಹುದೇ, ಸ್ವಲ್ಪ ತಡೆಯಬೇಕೇ ಎಂದು ಗೊತ್ತಾಗಬೇಕು.

ಮೂರನೆಯದು ಬದಲಾವಣೆಗಳ ಪಟ್ಟಿ. ಕಮಿಟ್ ಸಂದೇಶಗಳನ್ನೇ ಸುರಿದರೆ ಅದು ಪಟ್ಟಿಯಾಗದು. “ನುಡಿ ಫೈಲುಗಳಲ್ಲಿ ಮಿ, ಮೀ, ಮೆ, ಮೇ ಅಕ್ಷರಗಳು ಈಗ ಸರಿಯಾಗಿ ಬರುತ್ತವೆ. ಮೊದಲು ಬದಲಿಸಿಟ್ಟ ಫೈಲುಗಳನ್ನು ಮತ್ತೊಮ್ಮೆ ಬದಲಿಸಿಕೊಳ್ಳಿ” ಎಂದು ಬಳಸುವವರ ಮಾತಿನಲ್ಲಿ ಬರೆಯಿರಿ. ತಿದ್ದುಪಡಿ ಕಳಿಸಿದವರ ಹೆಸರನ್ನು, ಅವರು ಒಪ್ಪಿದರೆ, ಅಲ್ಲೇ ಹಾಕಿ. ಮುಂದಿನ ತಿದ್ದುಪಡಿ ಬರುವುದು ಅದರಿಂದಲೇ.

ಇಷ್ಟಾದ ಮೇಲೆ ಎಲ್ಲ ಪರೀಕ್ಷೆ ಓಡಿಸಿ, ಆ ಕ್ಷಣದ ಸಂಕೇತಕ್ಕೆ ಗಿಟ್‌ನಲ್ಲಿ ಟ್ಯಾಗ್ ಹಾಕಿ, ಟ್ಯಾಗ್‌ನಿಂದಲೇ ಪ್ಯಾಕೇಜ್ ಕಟ್ಟಿ. ನಿಮ್ಮ ಕಂಪ್ಯೂಟರಿನ ಫೋಲ್ಡರಿನಿಂದ ಕಟ್ಟಬೇಡಿ, ಅದರಲ್ಲಿ ಕಮಿಟ್ ಆಗದ ಏನೇನೋ ಸೇರಿರುತ್ತದೆ. ಇದು ಅತಿ ಎಚ್ಚರಿಕೆಯಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಪತ್ತೆಯಾಯಿತು. ದಾಳಿಯನ್ನು ಚಾಲನೆ ಮಾಡುವ ತುಣುಕು ಎಲ್ಲರಿಗೂ ಕಾಣುವ ಗಿಟ್ ಸಂಕೇತದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಪ್ಯಾಕೇಜಿನಲ್ಲಿ ಮಾತ್ರ ಇತ್ತು. ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದ ಯೋಜನೆಗೆ ಸಹಾಯಕರಾಗಿ ಬಂದು, ನಂಬಿಕೆ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದವರ ಕೈಚಳಕ ಅದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಏಕೆಂದು ಬೆನ್ನುಹತ್ತಿದ್ದರಿಂದ ಬಯಲಾಯಿತು. ಪ್ಯಾಕೇಜಿನ ಎಸ್‌ಎಚ್‌ಎ-256 ಮೊತ್ತವನ್ನು ಬಿಡುಗಡೆ ಪುಟದಲ್ಲಿ ಹಾಕಿ, ಇಳಿಸಿದವರು ತಾಳೆನೋಡಲಿ. ಖಾತೆಗೆ ಎರಡು ಹಂತದ ದೃಢೀಕರಣ ಇಟ್ಟುಕೊಳ್ಳಿ.

ಒಮ್ಮೆ ಹೊರಬಿಟ್ಟ ಆವೃತ್ತಿಯನ್ನು ಗುಟ್ಟಾಗಿ ಬದಲಿಸಬೇಡಿ, ಕಿತ್ತುಹಾಕಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಅದರ ಕರ್ತೃ ಎನ್‌ಪಿಎಂ ಸಂಗ್ರಹದಿಂದ ತೆಗೆದಾಗ, ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳು ಕಟ್ಟಲಾಗದೆ ನಿಂತವು. ತಪ್ಪಾಗಿದ್ದರೆ ಮುಂದಿನ ಸಂಖ್ಯೆಯಲ್ಲಿ ಸರಿಮಾಡಿ ಬಿಡುವುದೇ ಕ್ರಮ. ಪೈಥಾನ್ ಪ್ಯಾಕೇಜುಗಳ ಪೈಪಿಐ ಸಂಗ್ರಹದಲ್ಲಂತೂ ಒಮ್ಮೆ ಏರಿಸಿದ ಫೈಲಿನ ಹೆಸರನ್ನು ಅಳಿಸಿದ ಮೇಲೂ ಮತ್ತೆ ಬಳಸಲು ಬಿಡುವುದಿಲ್ಲ. ಮೊದಲ ಸಲದವರು ಟೆಸ್ಟ್ ಪೈಪಿಐ ಎಂಬ ಅಭ್ಯಾಸದ ಸಂಗ್ರಹದಲ್ಲಿ ಏರಿಸಿ ನೋಡಬಹುದು.

ಬಿಡುಗಡೆಗೆ ಮುಂಚೆ ಒಂದು ಮಧ್ಯಾಹ್ನ ನಿಜವಾದ ಡಿಟಿಪಿ ಅಂಗಡಿಯಲ್ಲಿ ಕೂತು ನೋಡುವುದು ಒಳ್ಳೆಯದು. ಅಲ್ಲಿನ ಕಂಪ್ಯೂಟರ್ ಹಳೆಯದಿರುತ್ತದೆ, ಇಂಟರ್‌ನೆಟ್ ಆಗಾಗ ಹೋಗುತ್ತದೆ, ಪೈಥಾನ್ ಹಾಕಿಕೊಳ್ಳಿ ಎಂದರೆ ಕೆಲಸ ಅಲ್ಲಿಗೇ ನಿಂತಿತು. ಡಿಜಿಟಲ್ ಸಹಿ ಇಲ್ಲದ ಇನ್‌ಸ್ಟಾಲರ್ ಓಡಿಸಿದರೆ ವಿಂಡೋಸ್ ಎಚ್ಚರಿಕೆ ತೋರಿಸಿ ಹೆದರಿಸುತ್ತದೆ. ಬ್ರೌಸರಿನಲ್ಲಿ ತೆರೆದು, ನೆಟ್ ಇಲ್ಲದೆಯೂ ಓಡುವ ಒಂದೇ ಪುಟವಾಗಿ ಕೊಟ್ಟರೆ ಈ ತೊಡಕೆಲ್ಲ ತಪ್ಪುತ್ತದೆ, ಗಿರಾಕಿಯ ಪಠ್ಯವೂ ಅಂಗಡಿಯ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿರುವ ಆಸ್ಕಿ ಪಠ್ಯದಲ್ಲಿ ಫಾಂಟಿನ ಮಾಹಿತಿ ಕಳೆದುಹೋಗಿದ್ದರೆ ಇಂಗ್ಲಿಷ್ ಅಕ್ಷರಗಳೂ ಕನ್ನಡದ ತುಣುಕುಗಳಾಗಿ ಬದಲಾಗುತ್ತವೆ. ಇಂಥ ಮಿತಿಗಳನ್ನು ರೀಡ್‌ಮಿಯಲ್ಲಿ ಕನ್ನಡದಲ್ಲೇ, ಮೊದಲ ಪುಟದಲ್ಲೇ ಹೇಳಿಬಿಡಿ.

ಬಿಡುಗಡೆಯಾದ ಮೇಲೆ ಇಶ್ಯೂಗಳು ಬರಲು ತೊಡಗುತ್ತವೆ. ಎಲ್ಲಕ್ಕೂ ಆ ದಿನವೇ ಉತ್ತರಿಸಬೇಕಿಲ್ಲ, ಆದರೆ ನೋಡಿದ್ದೇನೆ ಎಂಬ ಒಂದು ಸಾಲು ಹಾಕಿದರೆ ಕಳಿಸಿದವರು ಮತ್ತೆ ಬರುತ್ತಾರೆ. ಕೆಲಸ ಬದಲಾಗಿಯೋ ಮನೆಯ ಜವಾಬ್ದಾರಿ ಹೆಚ್ಚಿಯೋ ಮುಂದುವರಿಸಲು ಆಗದಿದ್ದರೆ ಅದನ್ನು ರೀಡ್‌ಮಿಯ ಮೊದಲ ಸಾಲಿನಲ್ಲೇ ಬರೆದು, ರಿಪಾಸಿಟರಿಯನ್ನು ಆರ್ಕೈವ್ ಮಾಡಿ ಇಡಿ, ಅಳಿಸಬೇಡಿ. ಬೇರೊಬ್ಬರಿಗೆ ಒಪ್ಪಿಸುವುದಾದರೆ ಅವರ ಹಿಂದಿನ ಕೆಲಸ ನೋಡಿ, ಕೆಲವು ತಿಂಗಳು ಜೊತೆಯಲ್ಲಿ ಕೆಲಸ ಮಾಡಿದ ಮೇಲೆಯೇ ಬಿಡುಗಡೆಯ ಅಧಿಕಾರ ಕೊಡಿ. ಯಾರೂ ಸಿಗದಿದ್ದರೂ ಚಿಂತೆಯಿಲ್ಲ. ಪರವಾನಗಿ ಸ್ಪಷ್ಟವಾಗಿದ್ದು ಪರೀಕ್ಷೆಯ ಪದಪಟ್ಟಿ ಜೊತೆಗಿದ್ದರೆ, ಮುಂದೆ ಬೇಕಾದವರು ಅದನ್ನು ಫೋರ್ಕ್ ಮಾಡಿ ಮುಂದುವರಿಸಬಹುದು, ನಿಮ್ಮ ಒಪ್ಪಿಗೆಗೆ ಕಾಯಬೇಕಿಲ್ಲ.